ಗೆರಟೆ ಎರಡು, ಬೈರಾಸು ಒಂದು: ಮನೆಯಲ್ಲೇ ಪುಟ್ಟ ಮಕ್ಕಳ ಹಾಡು-ಕುಣಿತ

ಜೂನ್ ಬಂತೆಂದರೆ ನನ್ನ ಫೋನಿಗೆ ಎರಡೇ ಬಗೆಯ ಮೆಸೇಜ್. ಒಂದು, ನಾಳೆ ಶಾಲೆಗೆ ರಜೆ ಉಂಟಾ? ಇನ್ನೊಂದು, ಮಗುವಿಗೆ ಎರಡೂವರೆ ವರ್ಷ, ಸಂಗೀತ ಕ್ಲಾಸಿಗೆ ಸೇರಿಸಬಹುದಾ, ಇಲ್ಲಾಂದ್ರೆ ಯಾವ ಕೀಬೋರ್ಡ್ ತೆಗೊಳ್ಳಲಿ? ಮೊದಲನೆಯದಕ್ಕೆ ಜಿಲ್ಲಾಧಿಕಾರಿಗಳೇ ಉತ್ತರ ಕೊಡಬೇಕು. ಎರಡನೆಯದಕ್ಕೆ ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸಿ ಸಾಕಾಗಿದೆ. ಉಡುಪಿಯಲ್ಲಿ ಪುಟ್ಟ ಮಕ್ಕಳಿಗೆ ಹಾಡು, ತಾಳದ ಆಟ ಮಾಡಿಸುವವಳು ನಾನು. ಒಮ್ಮೆ ಸರಿಯಾಗಿ ಬರೆದೇ ಬಿಡುವ ಅಂತ ಕೂತಿದ್ದೇನೆ.

ಚುಟುಕು ಉತ್ತರ: ಈಗ ಕ್ಲಾಸೂ ಬೇಡ, ಕೀಬೋರ್ಡೂ ಬೇಡ. ದಿನಕ್ಕೆ ಹತ್ತು ನಿಮಿಷ ಮಗುವಿನ ಎದುರು ನೀವು ನೆಲದ ಮೇಲೆ ಕೂರಬೇಕು, ಅಷ್ಟೇ. ನೀವೇ ಯಾಕೆ, ಯೂಟ್ಯೂಬ್ ಹಾಕಿದರೆ ಸಾಲದಾ ಅಂತ ಕೇಳುತ್ತೀರಿ. ಸಾಲದು. 2009ರಲ್ಲಿ ಜರ್ಮನಿಯ ಸಂಶೋಧಕರು ಎರಡೂವರೆಯಿಂದ ನಾಲ್ಕೂವರೆ ವರ್ಷದ ಮಕ್ಕಳ ಕೈಗೆ ಡ್ರಮ್ ಕೊಟ್ಟು ನೋಡಿದರು. ಒಮ್ಮೆ ಎದುರಿಗೆ ಮನುಷ್ಯರೇ ಕೂತು ಬಡಿದರು, ಒಮ್ಮೆ ಯಂತ್ರ ಬಡಿಯಿತು, ಒಮ್ಮೆ ಬರೀ ಸ್ಪೀಕರಿನಿಂದ ಸದ್ದು ಬಂತು. ಮನುಷ್ಯರು ಎದುರಿದ್ದಾಗಲೇ ಮಕ್ಕಳ ತಾಳ ಹೆಚ್ಚು ಸರಿಯಾಗಿ ಕೂತಿತು. ನಿಮ್ಮ ತಾಳ ಸ್ವಲ್ಪ ಆಚೀಚೆ ಇದ್ದರೂ ಫೋನಿಗಿಂತ ನೀವೇ ವಾಸಿ ಅಂತಾಯಿತು.

ಇಲ್ಲಿ ಹೇಳುವುದೆಲ್ಲ ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ. ತಾಳ ಅಂದರೆ ಇಲ್ಲಿ ಆದಿತಾಳ, ರೂಪಕತಾಳದ ಲೆಕ್ಕ ಅಲ್ಲ. ಗಡಿಯಾರದ ಟಿಕ್ ಟಿಕ್ ಹಾಗೆ ಒಂದೇ ಸಮನೆ ಬರುವ ಪೆಟ್ಟು, ಅಷ್ಟೇ. ಅದು ಮೊದಲು ಮೈಗೆ ಬರಬೇಕು. ಕೈಗೆ, ಬಾಯಿಗೆ ಆಮೇಲೆ.

ಬೇಕಾದ ಸಾಮಾನು

ತೆಂಗಿನ ಗೆರಟೆ ಎರಡು (ಘಟ್ಟದ ಮೇಲಿನವರು ಕರಟ, ಚಿಪ್ಪು ಅನ್ನುತ್ತಾರಲ್ಲ, ಅದೇ). ಒಂದು ಸ್ಟೀಲ್ ಬಟ್ಟಲು, ಒಂದು ಮರದ ಸೌಟು, ಮುಚ್ಚಳ ಗಟ್ಟಿ ಇರುವ ಸಣ್ಣ ಪ್ಲಾಸ್ಟಿಕ್ ಬಾಟಲಿ ಎರಡು, ಒಂದು ಚಾಪೆ, ಒಂದು ಬೈರಾಸು (ಟವೆಲ್). ಪೇಟೆಗೆ ಹೋಗುವ ಕೆಲಸ ಇಲ್ಲ.

ಗೆರಟೆಯನ್ನು ಸ್ವಲ್ಪ ಮುತುವರ್ಜಿಯಿಂದ ತಯಾರು ಮಾಡಿ, ಹೆಚ್ಚಿನವರು ಎಡವುವುದು ಇಲ್ಲೇ. ಕಾಯಿ ತುರಿದಾದ ಮೇಲೆ ಒಳಗೆ ಅಂಟಿ ಉಳಿದ ತಿರುಳನ್ನೆಲ್ಲ ಚಮಚದಲ್ಲಿ ಕೆರೆದು ತೆಗೆಯಿರಿ. ಹೊರಗಿನ ನಾರನ್ನು ಕಿತ್ತು ಹಾಕಿ. ಆಮೇಲೆ ಎರಡು ದಿನ ಬಿಸಿಲು. ಮಳೆಗಾಲದಲ್ಲಿ ಬಿಸಿಲೆಲ್ಲಿ? ಬಚ್ಚಲೊಲೆ ಇದ್ದವರು ಅದರ ಹತ್ತಿರ ಇಡಿ, ಇಲ್ಲದವರು ಗ್ಯಾಸ್ ಒಲೆಯ ಪಕ್ಕ ಎರಡು ಮೂರು ದಿನ ಇಡಿ. ಒಣಗದೆ ಕೊಟ್ಟರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ, ಮತ್ತೆ ಮಗು ಅದನ್ನೇ ಬಾಯಿಗೆ ಹಾಕುತ್ತದೆ. ಒಣಗಿದ ಮೇಲೆ ಬಾಯಿಯನ್ನು ಕೆಳಗೆ ಮಾಡಿ ಒರಟು ಕಲ್ಲಿನ ಮೇಲೆ ಗೋಲಾಕಾರವಾಗಿ ಉಜ್ಜಿ. ಅಂಗಳದ ಮುರಕಲ್ಲು ಆಗುತ್ತದೆ, ಸ್ಯಾಂಡ್‌ಪೇಪರ್ ಇದ್ದರೆ ಇನ್ನೂ ಒಳ್ಳೆಯದು. ನಿಮ್ಮ ತುಟಿಯನ್ನು ಅಂಚಿನ ಮೇಲೆ ಆಡಿಸಿ ನೋಡಿ. ಚುಚ್ಚಲಿಲ್ಲ ಅಂದರೆ ಮಗುವಿಗೂ ಚುಚ್ಚುವುದಿಲ್ಲ.

ಈಗ ಬಾಯಿಗೆ ಬಾಯಿ ತಾಗಿಸಿ ಬಡಿಯಿರಿ, ಟೊಕ್ ಅಂತ ಟೊಳ್ಳು ಸದ್ದು. ಬೆನ್ನಿಗೆ ಬೆನ್ನು ಬಡಿಯಿರಿ, ಟಿಕ್ ಅಂತ ತೆಳು ಸದ್ದು. ಒಂದೇ ಗೆರಟೆಯಲ್ಲಿ ಎರಡು ಸದ್ದು ಅಂತ ಮಗು ತಾನೇ ಕಂಡುಹಿಡಿಯಲಿ, ನೀವು ಹೇಳಿಕೊಡಲು ಹೋಗಬೇಡಿ.

ಬಾಟಲಿಗೆ ಕಾಲು ಭಾಗ ಮಾತ್ರ ಅಕ್ಕಿ ಹಾಕಿ. ತುಂಬಿಸಿದರೆ ಕಾಳಿಗೆ ಓಡಾಡಲು ಜಾಗ ಇಲ್ಲ, ಸದ್ದೇ ಬರುವುದಿಲ್ಲ. ಇನ್ನೊಂದಕ್ಕೆ ರವೆ ಹಾಕಿ, ಸದ್ದಿನ ಬೇರೆತನ ಗೊತ್ತಾಗಲಿ. ಮುಚ್ಚಳಕ್ಕೆ ಅಂಟು ಹಾಕಿ, ಮೇಲಿಂದ ಟೇಪ್ ಸುತ್ತಿ, ವಾರಕ್ಕೊಮ್ಮೆ ಎಳೆದು ನೋಡಿ.

ಇಲ್ಲಿ ನಾಲ್ಕು ಎಚ್ಚರಿಕೆ, ದಯವಿಟ್ಟು ಹಾರಿಸಿ ಓದಬೇಡಿ.

ಗುಲಗಂಜಿಯನ್ನು ಬಾಟಲಿಗೆ ಹಾಕಲೇಬೇಡಿ. ಕೆಂಪು ಮೈ, ಕಪ್ಪು ಚುಕ್ಕಿ, ನೋಡಲು ಬಹಳ ಚಂದ, ಆದರೆ ಅದು ವಿಷದ ಬೀಜ, ಜಗಿದು ನುಂಗಿದರೆ ಪ್ರಾಣಕ್ಕೆ ಅಪಾಯ. ಅಜ್ಜಿಮನೆಯ ಚೆನ್ನೆಮಣೆ (ಅಳಗುಳಿಮಣೆ) ಆಟದ ಮಂಜೊಟ್ಟಿ ಕಾಯಿಯನ್ನೂ ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಳತೆಯದ್ದು. ಡಬ್ಬದ ಬಾಯಿಗೆ ಬಲೂನ್ ಎಳೆದು ಕಟ್ಟಿ ಚಂಡೆ ಮಾಡುವ ವಿಡಿಯೋ ತುಂಬ ಓಡಾಡುತ್ತಿದೆ. ಬಲೂನಿನ ಹರಿದ ತುಂಡು ಶ್ವಾಸನಾಳಕ್ಕೆ ಅಂಟಿಕೊಂಡರೆ ತೆಗೆಯುವುದು ಬಹಳ ಕಷ್ಟ, ಅದು ಬೇಡ. ಕೊನೆಯದು, ಒತ್ತಿದರೆ ಹಾಡುವ ಆಟಿಕೆಗಳೊಳಗಿನ ಬಿಲ್ಲೆಯಂಥ ಸಣ್ಣ ಬ್ಯಾಟರಿ. ಮಗು ಅದನ್ನು ನುಂಗಿತೋ ಎಂಬ ಸಂಶಯ ಬಂದರೂ ಸಾಕು, ನಾಳೆ ನೋಡುವ ಅನ್ನದೆ ತಕ್ಷಣ ಆಸ್ಪತ್ರೆಗೆ ಓಡಿ. ಅದು ಅನ್ನನಾಳವನ್ನು ಗಂಟೆಗಳ ಲೆಕ್ಕದಲ್ಲಿ ಸುಡುತ್ತದೆ.

1. ಜಾಗ, ಹೊತ್ತು ಗೊತ್ತು ಮಾಡಿ

ಊಟ ಆದ ಕೂಡಲೇ ಬೇಡ, ನಿದ್ದೆಯ ಹೊತ್ತಿಗೆ ಹತ್ತಿರವೂ ಬೇಡ. ಬೆಳಗ್ಗೆ ಹತ್ತು ಗಂಟೆ ಅಥವಾ ಸಂಜೆ ಐದರ ಸುಮಾರಿಗೆ ಮಕ್ಕಳ ಮೈ ತಾನಾಗಿಯೇ ಕುಣಿಯಲು ತಯಾರಿರುತ್ತದೆ. ಮಳೆಗಾಲದಲ್ಲಿ ನಮ್ಮ ಟೈಲ್ಸ್ ನೆಲ ಬೆವರುವುದು ಗೊತ್ತುಂಟಲ್ಲ, ಮೊದಲು ಒಣಬಟ್ಟೆಯಲ್ಲಿ ಒರೆಸಿ. ಬರಿಗಾಲಲ್ಲೇ ಆಡಲಿ, ಸಾಕ್ಸ್ ಹಾಕಿದರೆ ಜಾರುತ್ತದೆ. ಚಾಪೆಯ ಅಂಚು ಮಡಚಿದ್ದರೆ ಕಾಲಿಗೆ ಸಿಕ್ಕಿ ಮಗು ಮುಗ್ಗರಿಸುತ್ತದೆ, ಆದ್ದರಿಂದ ಕುಣಿಯುವಾಗ ಚಾಪೆ ಎತ್ತಿ ಬಿಡಿ.

ಫ್ಲ್ಯಾಟಿನವರಿಗೆ ಒಂದು ಮಾತು. ಕೆಳಗಿನ ಮನೆಯವರು ಮಧ್ಯಾಹ್ನ ಮಲಗುವವರಾದರೆ ಕುಪ್ಪಳಿಸುವ ಆಟವನ್ನೆಲ್ಲ ಸಂಜೆಗೆ ಇಟ್ಟುಕೊಂಡು ಮಧ್ಯಾಹ್ನ ಕೂತು ಆಡುವುದನ್ನು ಮಾಡಿ. ಸುಮ್ನೆ ಜಗಳ ಯಾಕೆ.

2. ಮಡಿಲ ತಾಳ: ಆರು ತಿಂಗಳಿಂದ ಒಂದೂವರೆ ವರ್ಷ

ಕಾಲು ನೀಡಿ ಕೂತು ಮಗುವನ್ನು ನಿಮ್ಮ ಕಡೆ ಮುಖ ಮಾಡಿ ತೊಡೆಯ ಮೇಲೆ ಕೂರಿಸಿ. ಕಂಕುಳ ಕೆಳಗೆ ಹಿಡಿದುಕೊಳ್ಳಿ. ನಿಮಗೆ ಬರುವ ಯಾವ ಹಾಡಾದರೂ ಸರಿ, ಹಾಡುತ್ತ ಎಡಕ್ಕೆ ಬಲಕ್ಕೆ ತೂಗಿ. ನಾಲ್ಕೈದು ಸಲ ಆದ ಮೇಲೆ ಸಾಲು ಮುಗಿಯುವ ಮೊದಲು ತಟ್ಟನೆ ನಿಲ್ಲಿಸಿ. ಮಗುವಿನ ಮುಖ ನೋಡಿ. ಕಣ್ಣು ಅರಳಿಸಿ, ಉಸಿರು ಹಿಡಿದು, ಕಾಲು ಒದ್ದು "ಮುಂದೆ?" ಅಂತ ಕೇಳುತ್ತದೆ. ಆಗ ಸಾಲು ಮುಗಿಸಿ. ಈ ಕಾಯುವ ಒಂದು ಕ್ಷಣ ಇದೆಯಲ್ಲ, ಈ ವಯಸ್ಸಿನ ಸಂಗೀತ ಪಾಠ ಪೂರ್ತಿ ಅದೇ.

ಮಗುವನ್ನು ಮೇಲೆ ಎಸೆದು ಹಿಡಿಯುವುದು, ಭುಜ ಹಿಡಿದು ಜೋರಾಗಿ ಅಲುಗಿಸುವುದು ಖಂಡಿತ ಕೂಡದು. ಕುತ್ತಿಗೆ ಇನ್ನೂ ಗಟ್ಟಿ ಆಗಿರುವುದಿಲ್ಲ, ಮೆದುಳಿಗೆ ಪೆಟ್ಟಾಗಬಹುದು. ಮಾವಂದಿರಿಗೆ ವಿಶೇಷವಾಗಿ ಹೇಳಿ.

ಇನ್ನೂ ತೆವಳದ ಮಗುವನ್ನು ಎಚ್ಚರ ಇರುವಾಗ ಕವುಚಿ ಮಲಗಿಸಿ, ಅದರ ಮುಖದ ಮಟ್ಟಕ್ಕೆ ನೀವೂ ನೆಲದಲ್ಲಿ ಮಲಗಿ ಹಾಡಿ. ದಿನದಲ್ಲಿ ಅಷ್ಟಿಷ್ಟಾಗಿ ಒಟ್ಟು 30 ನಿಮಿಷವಾದರೂ ಹೀಗೆ ಕವುಚಿ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ. ಹಾಡಿದ ಕಡೆಗೆ ಮಗು ತಲೆ ಎತ್ತುತ್ತದೆ, ಅದೇ ಕಸರತ್ತು. ಎಷ್ಟು ಹಾಡಿದರೂ, ಬೆನ್ನ ಹಿಂದೆ ಬಟ್ಟಲು ಬಡಿದರೂ ಸದ್ದಿನ ಕಡೆ ತಿರುಗುವುದೇ ಇಲ್ಲ ಅನ್ನಿಸಿದರೆ ಮಾತ್ರ ಕಿವಿ ಪರೀಕ್ಷೆ ಮಾಡಿಸಲು ತಡ ಮಾಡಬೇಡಿ.

3. ಮಗುವಿನ ಹೆಜ್ಜೆಗೆ ನಿಮ್ಮ ತಾಳ: ಒಂದೂವರೆಯಿಂದ ಮೂರು

ಹೆಚ್ಚಿನ ಮನೆಗಳಲ್ಲಿ ತಪ್ಪುವುದು ಇಲ್ಲಿ. ನಾವು ಚಪ್ಪಾಳೆ ತಟ್ಟುತ್ತೇವೆ, ಮಗು ನಮ್ಮ ಜೊತೆ ತಟ್ಟಬೇಕು ಅಂತ ಬಯಸುತ್ತೇವೆ, ತಟ್ಟದಿದ್ದರೆ ಅದರ ಎರಡೂ ಕೈ ಹಿಡಿದು ನಾವೇ ತಟ್ಟಿಸುತ್ತೇವೆ. ಮಗು ಕೈ ಎಳೆದುಕೊಂಡು ಓಡುತ್ತದೆ. ಮತ್ತೆ "ಇವನಿಗೆ ಸಂಗೀತದಲ್ಲಿ ಆಸಕ್ತಿ ಇಲ್ಲ" ಅಂತ ನನಗೆ ಮೆಸೇಜು.

ಉಲ್ಟಾ ಮಾಡಿ. ಮಗು ಹಾಲಿನಲ್ಲಿ ಅತ್ತಿಂದಿತ್ತ ನಡೆಯುತ್ತಿರುವಾಗ ನೀವು ಗೆರಟೆ ಹಿಡಿದು ಅದರ ಹೆಜ್ಜೆಗೆ ಸರಿಯಾಗಿ ಟೊಕ್ ಟೊಕ್ ಮಾಡಿ. ಓಡಿದರೆ ಬೇಗ ಬೇಗ, ನಿಂತರೆ ನಿಲ್ಲಿಸಿ. ಎರಡು ನಿಮಿಷದಲ್ಲಿ ಮಗುವಿಗೆ ಗೊತ್ತಾಗುತ್ತದೆ, ಓ, ನಾನು ಕಾಲಿಟ್ಟರೆ ಸದ್ದು ಬರುತ್ತದೆ! ಆಮೇಲೆ ನಡೆದು, ನಿಂತು, ಹಿಂದೆ ತಿರುಗಿ ನಿಮ್ಮನ್ನು ಪರೀಕ್ಷೆ ಮಾಡಲು ಶುರು ಮಾಡುತ್ತದೆ. ಯಜಮಾನ ಅದೇ, ನೀವು ಹಿಮ್ಮೇಳ.

ಸಣ್ಣ ಮಕ್ಕಳ ಸಹಜ ವೇಗ ನಮ್ಮದಕ್ಕಿಂತ ಜಾಸ್ತಿ. ನಿಮಗೆ ಹಿತವಾದ ನಿಧಾನದ ಭಜನೆಗೆ ಮೂರು ವರ್ಷದ ಮಗು ತಾಳ ಹಾಕಲಿಲ್ಲ ಅಂದರೆ ತಪ್ಪು ಮಗುವಿನದ್ದಲ್ಲ, ಹಾಡಿನ ವೇಗದ್ದು. ಹೊರಗಿನ ತಾಳಕ್ಕೆ ಸರಿಯಾಗಿ ಹೊಂದಿಕೊಳ್ಳಲು ಎಷ್ಟೋ ಮಕ್ಕಳಿಗೆ ನಾಲ್ಕು ವರ್ಷ ಆಗಬೇಕು, ಕೆಲವರಿಗೆ ಇನ್ನೂ ತಡ.

4. ಸದ್ದು ನಿಂತರೆ ಮರ

ಎರಡು ವರ್ಷ ದಾಟಿದವರಿಗೆಲ್ಲ ಆಗುತ್ತದೆ. ಬಟ್ಟಲು ಬಡಿಯುವಷ್ಟು ಹೊತ್ತು ಕುಣಿಯಬೇಕು, ನಿಲ್ಲಿಸಿದಾಗ ಮರದ ಹಾಗೆ ನಿಲ್ಲಬೇಕು. ಮೊದಮೊದಲು ಐದು ಸೆಕೆಂಡು ಬಡಿದು ಎರಡು ಸೆಕೆಂಡು ನಿಲ್ಲಿಸಿ. ಆಮೇಲೆ ಮರ ಅಂದರೆ ಯಾವ ಮರ ಅಂತ ಕೇಳಿ. ತೆಂಗಿನ ಮರವಾದರೆ ಕೈ ಮೇಲೆ, ಹಲಸಿನ ಮರವಾದರೆ ಹೊಟ್ಟೆ ಮುಂದೆ. ಮೈಯನ್ನು ಬೇಕಾದಾಗ ತಡೆಯುವುದು ಕುಣಿಯುವುದಕ್ಕಿಂತ ಕಷ್ಟ, ನೀವೇ ಮಾಡಿ ನೋಡಿ.

ಅಲುಗಾಡಿದವರು ಔಟ್ ಅಂತ ಮಾತ್ರ ಮಾಡಬೇಡಿ. ಯಾವ ಮಗುವಿಗೆ ಅಭ್ಯಾಸ ಜಾಸ್ತಿ ಬೇಕೋ ಅದೇ ಮೊದಲು ಔಟಾಗಿ ಮೂಲೆಯಲ್ಲಿ ಕೂರುತ್ತದೆ.

5. ಗೋಳಿಬಜೆ ತಾಳ: ಮೂರೂವರೆಯಿಂದ ಮೇಲೆ

ಮೃದಂಗದವರು, ಯಕ್ಷಗಾನದವರು ಕೈಗಿಂತ ಮೊದಲು ಬಾಯಲ್ಲಿ ತಾಳ ಕಲಿಯುತ್ತಾರೆ. ತಕಿಟ ಅಂದರೆ ಮೂರರ ಗುಂಪು, ತಕಧಿಮಿ ಅಂದರೆ ನಾಲ್ಕರದ್ದು. ಇವಕ್ಕೆ ತಿಶ್ರ, ಚತುರಶ್ರ ಅಂತ ಹೆಸರುಂಟು, ಮಗುವಿಗೆ ಆ ಹೆಸರು ಬೇಡ. ಮಗುವಿಗೆ ತಿಂಡಿ ಗೊತ್ತಿದೆಯಲ್ಲ, ಅದು ಸಾಕು.

ಪ-ತ್ರೊ-ಡೆ, ಇದು ತ-ಕಿ-ಟ. ಗೋ-ಳಿ-ಬ-ಜೆ, ಇದು ತ-ಕ-ಧಿ-ಮಿ. ಕೊ-ಟ್ಟೆ-ಕ-ಡು-ಬು, ಐದು ಆಯಿತು, ತ-ಕ-ತ-ಕಿ-ಟ. (ಛಂದಸ್ಸು ಓದಿದವರು ಜಗಳಕ್ಕೆ ಬರಬೇಡಿ, ಇದು ಲಘು-ಗುರುವಿನ ಲೆಕ್ಕ ಅಲ್ಲ, ಬಾಯಿಗೆ ಬರುವ ತುಂಡುಗಳ ಲೆಕ್ಕ.)

ಹೀಗೆ ಮಾಡಿ. ಮೊದಲ ತುಂಡಿಗೆ ನೆಲಕ್ಕೆ ಕಾಲು ಬಡಿಯಬೇಕು, ಉಳಿದದ್ದಕ್ಕೆಲ್ಲ ಚಪ್ಪಾಳೆ. ಗೋ ಅಂದಾಗ ಧಡ್, ಳಿ-ಬ-ಜೆ ಅಂದಾಗ ಮೂರು ಚಪ್ಪಾಳೆ. ಒಂದೇ ತಿಂಡಿಯನ್ನು ಎಂಟು ಹತ್ತು ಸಲ ನಿಲ್ಲಿಸದೆ ಹೇಳಿ, ಆಗಲೇ ಅದು ತಾಳ ಆಗುತ್ತದೆ. ಒಂದು ಸರಿಯಾಗಿ ಬರುವ ಮೊದಲು ಎರಡನ್ನು ಬೆರೆಸಬೇಡಿ. ಪತ್ರೊಡೆ ಗಟ್ಟಿ ಆಗಲು ಒಂದು ವಾರ ಹೋದರೂ ಹೋಗಲಿ. ಐದು ವರ್ಷ ದಾಟಿದವರು ಪತ್ರೊಡೆ ಗೋಳಿಬಜೆ, ಪತ್ರೊಡೆ ಗೋಳಿಬಜೆ ಅಂತ ಜೋಡಿಸಿ ಹೇಳಿದರೆ ಮೂರು ಮತ್ತು ನಾಲ್ಕು ಸೇರಿ ಏಳು. ಅದನ್ನು ಮಿಶ್ರ ಅನ್ನುತ್ತಾರೆ, ದೊಡ್ಡವರೇ ಎಡವುವ ಜಾಗ ಅದು. ಮಕ್ಕಳು ತಿಂಡಿಯ ಗುಂಗಿನಲ್ಲಿ ಸಲೀಸಾಗಿ ದಾಟಿಬಿಡುತ್ತಾರೆ.

ಬನ್ಸ್ ಎಷ್ಟು ಅಂತ ಕೇಳಿದರೆ ಒಂದೇ ಪೆಟ್ಟು. ಉಳಿದ ಮೂರು ಜಾಗದಲ್ಲಿ ಬಾಯಿ ಮುಚ್ಚಿ ಜಗಿಯುವುದು. ಸದ್ದಿಲ್ಲದ ಜಾಗವನ್ನೂ ಎಣಿಸಬೇಕು ಅಂತ ಹೇಳಿಕೊಡಲು ಇದಕ್ಕಿಂತ ಒಳ್ಳೆ ದಾರಿ ನನಗೆ ಸಿಕ್ಕಿಲ್ಲ.

6. ಹುಲಿ

ಮಂಗಳೂರಿನ ನವರಾತ್ರಿಯೋ ಉಡುಪಿಯ ವಿಟ್ಲಪಿಂಡಿಯೋ (ಕೃಷ್ಣಾಷ್ಟಮಿಯ ಉತ್ಸವ), ಅಲ್ಲಿ ಹುಲಿವೇಷದ ಕುಣಿತ ನೋಡಿ ಬಂದ ಮಗು ಮರುದಿನ ಹುಲಿಯಾಗದೆ ಇರುವುದಿಲ್ಲ. ಅದನ್ನು ತಡೆಯಬೇಡಿ, ಬಳಸಿಕೊಳ್ಳಿ. ನಿಧಾನ-ವೇಗ, ಕೆಳಗೆ-ಮೇಲೆ, ಮೆಲ್ಲಗೆ-ಜೋರು, ಕುಣಿತದಲ್ಲಿ ಕಲಿಯಬೇಕಾದ್ದೆಲ್ಲ ಹುಲಿವೇಷದಲ್ಲಿ ಮೊದಲೇ ಉಂಟು.

ಬೈರಾಸನ್ನು ಹಗ್ಗದ ಹಾಗೆ ಹೊಸೆದು ಹಿಂದೆ ಸೊಂಟಕ್ಕೆ ಸಿಕ್ಕಿಸಿ, ಬಾಲ ಆಯಿತು. ಮೊಣಕಾಲಿಗಿಂತ ಕೆಳಗೆ ಇಳಿಯಬಾರದು, ಇಳಿದರೆ ತಾನೇ ತುಳಿದು ಬೀಳುತ್ತದೆ. ಮೊದಲು ಹುಲಿ ಮಲಗಿದೆ, ನೀವು ಬಟ್ಟಲಿನ ಮೇಲೆ ಒಂದೇ ಬೆರಳಲ್ಲಿ ತಟ್ಟುತ್ತೀರಿ. ಹುಲಿ ಕಣ್ಣು ಬಿಡುತ್ತದೆ, ಮೈ ಮುರಿಯುತ್ತದೆ, ನಾಲ್ಕು ಕಾಲಲ್ಲಿ ಏಳುತ್ತದೆ. ಈಗ ಸೌಟಿನಿಂದ ನಿಧಾನ ಪೆಟ್ಟು. ಮೊಣಕಾಲು ಬಗ್ಗಿಸಿ, ಒಂದೊಂದೇ ಹೆಜ್ಜೆ, ಭುಜ ಮುಂದೆ, ಬೇಟೆ ಹುಡುಕುತ್ತ ನಡೆಯಬೇಕು. ಎಷ್ಟು ನಿಧಾನವೋ ಅಷ್ಟು ಕಷ್ಟ, ತೊಡೆ ನಡುಗುತ್ತದೆ. ಕೊನೆಗೆ ತಾಸೆಯ (ಹುಲಿವೇಷಕ್ಕೆ ಬಡಿಯುವ ವಾದ್ಯ) ಪೆಟ್ಟು, ಪಟಪಟಪಟ ಅಂತ ನಿಮ್ಮ ಕೈ ಸೋಲುವವರೆಗೆ ಬಡಿಯಿರಿ, ಹುಲಿ ಬೇಕಾದ ಹಾಗೆ ಕುಣಿಯಲಿ. ಮತ್ತೆ ನಿಧಾನಕ್ಕೆ ಇಳಿಸಿ ಮಲಗಿಸಿ. ಏರಿಸಿದ್ದನ್ನು ಇಳಿಸದೆ ಬಿಟ್ಟರೆ ಆ ಹುಲಿ ರಾತ್ರಿ ಹತ್ತರವರೆಗೂ ಸೋಫಾದಿಂದ ಹಾರುತ್ತಿರುತ್ತದೆ.

ದೊಡ್ಡ ಹುಲಿಗಳು ಅಕ್ಕಿ ಮುಡಿಯನ್ನು (ಬೈಹುಲ್ಲಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಹಲ್ಲಲ್ಲಿ ಕಚ್ಚಿ ಹಿಂದೆ ಎಸೆಯುವುದನ್ನು ನೋಡಿದ ಮಗು ಮನೆಯಲ್ಲೂ ಮುಡಿ ಬೇಕು ಅನ್ನುತ್ತದೆ. ಒಂದು ಸಣ್ಣ ದಿಂಬು ಕೊಡಿ, ಕೈಯಲ್ಲಿ ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯಲಿ. ಹಲ್ಲಿನ ಕೆಲಸ ಬೇಡ. ಪಲ್ಟಿ ಹೊಡೆಯುವುದೂ ಬೇಡ. ಮೈಗೆ ಬಣ್ಣ ಬೇಕೇ ಬೇಕು ಅಂತ ಹಠ ಮಾಡಿದರೆ ಹಳೆ ಬನಿಯನ್ನಿನ ಮೇಲೆ ಪಟ್ಟೆ ಬರೆದು ಹಾಕಿ. ಗೋಡೆಯ, ಗೇಟಿನ ಪೇಂಟ್ ಮಗುವಿನ ಚರ್ಮಕ್ಕಲ್ಲ.

ತಾಸೆಯ ಸದ್ದಿಗೆ ಹೆದರಿ ಅಳುವ ಮಕ್ಕಳೂ ಇದ್ದಾರೆ. ಅದು ಪುಕ್ಕಲುತನ ಅಲ್ಲ, ಕೆಲವು ಕಿವಿ ಹಾಗೆ. ಅವರಿಗೆ ಬಟ್ಟಲಿನ ಬದಲು ಚಾಪೆಯ ಮೇಲೆ ಅಂಗೈ ತಟ್ಟಿ, ಅಥವಾ ಸೌಟನ್ನು ಅವರ ಕೈಗೇ ಕೊಡಿ. ತಾನೇ ಮಾಡುವ ಸದ್ದಿಗೆ ಹೆದರಿಕೆ ಕಮ್ಮಿ.

7. ಮಳೆ ಇಳಿಸುವುದು

ಕೊನೆಯ ಎರಡು ನಿಮಿಷ. ಬಟ್ಟಲು ಬೋರಲು ಹಾಕಿ ಒಂದು ಬೆರಳಲ್ಲಿ ತುಂತುರು, ಎರಡು ಬೆರಳು, ಐದು ಬೆರಳು, ಅಂಗೈಯಲ್ಲಿ ಜಡಿಮಳೆ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ ಒಂದು ಬೆರಳಿಗೆ. ಆಮೇಲೆ ಇಬ್ಬರೂ ಚಾಪೆಯಲ್ಲಿ ಅಂಗಾತ ಮಲಗಿ ಹೊರಗಿನ ಮಳೆ ಕೇಳಿ. ಹಂಚಿನ ಮೇಲೆ ಬೀಳುವುದು ಯಾವುದು, ಶೀಟಿನ ಮೇಲೆ ಯಾವುದು, ಬಾಳೆ ಎಲೆಯ ಮೇಲೆ ಯಾವುದು?

ಪದೇ ಪದೇ ಬರುವ ಪ್ರಶ್ನೆಗಳು

ನನಗೆ ಹಾಡಲು ಬರುವುದಿಲ್ಲ. ಪರವಾಗಿಲ್ಲ, ಮಗುವಿಗೆ ಬೇರೆ ಗಾಯಕರು ಬೇಡ. ಒಂದು ಮಾತ್ರ ಗಮನಿಸಿ, ದೊಡ್ಡವರು ತಗ್ಗು ದನಿಯಲ್ಲಿ ಹಾಡುತ್ತಾರೆ, ಮಗುವಿನ ಗಂಟಲು ಅಷ್ಟು ಕೆಳಗೆ ಇಳಿಯುವುದಿಲ್ಲ. ಮಗು ನಗುವಾಗ, ಕರೆಯುವಾಗ ಯಾವ ಎತ್ತರದಲ್ಲಿ ದನಿ ತೆಗೆಯುತ್ತದೋ ಅಲ್ಲಿಂದ ಶುರು ಮಾಡಿ. ಹಾಡು ಗೊತ್ತಿಲ್ಲದಿದ್ದರೆ ಕಟ್ಟಿ. "ಮಳೆ ಬಂತು ಟಪಟಪ, ಕೊಡೆ ಎಲ್ಲಿ ಹೇಳಪ್ಪ" ಅಂತ ಒಂದು ಸಾಲು ಇದ್ದರೆ ಅರ್ಧ ಗಂಟೆ ಸಾಗುತ್ತದೆ.

ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಯಾವುದರಲ್ಲಿ ಹಾಡಲಿ? ನಿಮಗೆ ಸಿಟ್ಟು ಬಂದಾಗ ಬಾಯಿಗೆ ಬರುವ ಭಾಷೆಯಲ್ಲಿ. ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ, ಯಾವುದಾದರೂ ಸರಿ.

ಫೋನಿನಲ್ಲಿ ಹಾಡು ಹಾಕಲೇಬಾರದಾ? ಹಾಕಿ, ಆದರೆ ಕಪಾಟಿನ ಮೇಲೆ ಪರದೆ ಕೆಳಗೆ ಮಾಡಿ ಇಡಿ. ಕೈಗೆ ಕೊಟ್ಟರೆ ಕುಣಿತ ನಿಂತು ನೋಟ ಶುರುವಾಗುತ್ತದೆ. ಆಗಲೇ ಹೇಳಿದ 2019ರ ಮಾರ್ಗಸೂಚಿಯಲ್ಲೇ ಎರಡು ವರ್ಷದೊಳಗಿನವರಿಗೆ ಪರದೆ ಬೇಡ, ಎರಡರಿಂದ ನಾಲ್ಕರವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು ಅಂತ ಉಂಟು. ಒಂದು ವರ್ಷ ದಾಟಿದವರು ದಿನಕ್ಕೆ ಒಟ್ಟು 180 ನಿಮಿಷ ಓಡಾಡಿಕೊಂಡಿರಬೇಕು ಅಂತಲೂ ಉಂಟು. ಹೊರಗೆ ಜಡಿಮಳೆ ಇದ್ದಾಗ ಮೂರು ಗಂಟೆ ಎಲ್ಲಿಂದ ತರುವುದು? ಅದಕ್ಕೇ ಈ ಹುಲಿ, ಈ ಮರ. ಇನ್ನು ಸದ್ದಿನ ಮಟ್ಟ: ಒಂದು ಕೈ ದೂರದಲ್ಲಿ ಇರುವವರ ಜೊತೆ ಕೂಗಿ ಮಾತಾಡಬೇಕಾದರೆ ಅದು ಮಗುವಿಗೆ ಜಾಸ್ತಿಯೇ.

ನನ್ನ ಮಗು ಏನೂ ಮಾಡುವುದಿಲ್ಲ, ಸುಮ್ನೆ ನೋಡುತ್ತಾ ಕೂರುತ್ತದೆ. ಕೂರಲಿ. ಒಂದು ಹುಡುಗಿ ನನ್ನ ಹತ್ತಿರ ಮೂರು ವಾರ ಕಿಟಕಿಯ ಸರಳು ಹಿಡಿದು ನಿಂತಿದ್ದಳು, ಬಾಯಿ ಬಿಟ್ಟಿರಲಿಲ್ಲ. ಮನೆಗೆ ಹೋಗಿ ಅಜ್ಜನನ್ನು ಕೂರಿಸಿ ಪೂರ್ತಿ ಪಾಠ ಮಾಡುತ್ತಿದ್ದಳಂತೆ.

ನೆಂಟರು ಬಂದಾಗ ಮಾಡಿ ತೋರಿಸು ಅಂದರೆ ಅಳುತ್ತದೆ. ಹಾಗೆ ಹೇಳಲೇಬೇಡಿ ಮಾರಾಯ್ರೆ! ತಾಯಿ-ಮಗುವಿನ ನಡುವಿನ ಆಟವನ್ನು "ಆಂಟಿಗೆ ಹುಲಿ ಕುಣಿದು ತೋರಿಸು ಪುಟ್ಟಾ" ಅಂತ ಪ್ರದರ್ಶನಕ್ಕೆ ಇಟ್ಟ ದಿನದಿಂದ ಮನೆಯಲ್ಲೂ ಕುಣಿಯುವುದನ್ನು ಬಿಟ್ಟ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ವಿಡಿಯೋ ಮಾಡಿ ಸ್ಟೇಟಸ್ ಹಾಕುವುದೂ ಅದೇ ಜಾತಿಗೆ ಸೇರಿದ್ದು.

ಹಾಗಾದರೆ ಕ್ಲಾಸಿಗೆ ಯಾವಾಗ? ಅರ್ಧ ಗಂಟೆ ಒಂದು ಕಡೆ ಕೂರಲು ಬಂದಾಗ, ಕೇಳಿದ ಒಂದು ಸಾಲನ್ನು ತಿರುಗಿ ಹೇಳಲು ಬಂದಾಗ, ಮುಖ್ಯವಾಗಿ ಮಗುವೇ ಕೇಳಿದಾಗ. ನನ್ನ ಲೆಕ್ಕದಲ್ಲಿ ಆರರ ಆಸುಪಾಸು. ಅಷ್ಟರೊಳಗೆ ನಾಲ್ಕೈದು ಜೋಡಿ ಗೆರಟೆ ಒಡೆದಿರುತ್ತದೆ. ಬೇಜಾರು ಬೇಡ, ನಾಳೆ ಸಾಂಬಾರಿಗೆ ಹೇಗೂ ಇನ್ನೊಂದು ಕಾಯಿ ಒಡೆಯಲಿಕ್ಕುಂಟಲ್ಲ.